ನೀಲಿ ಬಣ್ಣ ಹೇಳಿದ ಸತ್ಯ: ಹಾಲಿನಲ್ಲಿರುವ ಕೆಟ್ಟ ಸೂಕ್ಷ್ಮಾಣುಗಳನ್ನು ಲ್ಯಾಬ್ ಪತ್ತೆ ಹಚ್ಚುವುದು ಹೇಗೆ?



ಬೇಸಿಗೆಯ ಒಂದು ಸಂಜೆ ನಮ್ಮ ವ್ಯಾಪ್ತಿಯ ಮಹಿಳಾ ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ ಫೋನ್ ಮಾಡಿದರು. "ಡಾಕ್ಟ್ರೇ, ಹದಿನೈದು ದಿನದಿಂದ ನಮ್ಮ ಸಂಘದ ಹಾಲಿನ ಗುಣಮಟ್ಟ ಕಡಿಮೆ ಬರ್ತಿದೆ. ಎರಡು ಸಲ ಕ್ಯಾನ್ ವಾಪಸ್ ಬಂತು. ಹೀಗೇ ಆದ್ರೆ ಜನ ಖಾಸಗಿಯವರಿಗೆ ಹಾಲು ಹಾಕ್ತಾರೆ. ಒಂದ್ಸಲ ಬಂದು ಹೋಗಿ" ಎಂದರು.

ಮರುದಿನ ಬೆಳಿಗ್ಗೆ ಹೋದಾಗ ಸಂಘದ ಮುಂದೆ ಆಗಲೇ ಜೋರು ಮಾತು ನಡೆದಿತ್ತು. ಊರಾಚೆ ತೋಟದ ಮನೆಯಿಂದ ಎಲ್ಲರಿಗಿಂತ ಕೊನೆಯಲ್ಲಿ ಹಾಲು ತರುವ ಒಬ್ಬ ಸದಸ್ಯೆಯ ಮೇಲೆ ಎಲ್ಲರ ಅನುಮಾನ. ಅವರಿಗಿರುವುದು ಒಂದೇ ಹಸು. ನಡೆದು ಬರಲು ಅರ್ಧ ಗಂಟೆ ಬೇಕು. "ದೂರದಿಂದ ಬರೋದು, ಬಿಸಿಲು ಬೇರೆ. ಇವಳ ಹಾಲೇ ಕೆಟ್ಟಿರೋದು" ಎಂದು ನಾಲ್ಕು ಜನ ಹೇಳಿದ್ದೇ ಊರಿನ ತೀರ್ಪಾಗಿಬಿಟ್ಟಿತ್ತು. ಆ ತಾಯಿ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಹತ್ತಿರ ಬಂದರು. "ಹಾಲು ಬೆಳ್ಳಗೇ ಇದೆ ಡಾಕ್ಟ್ರೇ. ವಾಸನೆ ಇಲ್ಲ. ಕಾಯಿಸಿದ್ರೂ ಒಡೀಲಿಲ್ಲ. ಮತ್ತೆ ಕೆಟ್ಟಿದೆ ಅಂತ ಯಾರು ಹೇಳೋದು?"

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ನೆರೆಯವರ ಅನುಮಾನವೋ, ನಮ್ಮ ಕಣ್ಣು ಮೂಗೋ, ಲ್ಯಾಬೋ? ಲ್ಯಾಬ್ ಎಂದರೆ ಹಾಲು ತಿರಸ್ಕರಿಸುವ ಜಾಗ ಎಂದು ನಮ್ಮಲ್ಲಿ ಅನೇಕರ ಭಾವನೆ. ಅದು ನಿಜವಾಗಿ ಏನು ಮಾಡುತ್ತದೆ, ಹೇಗೆ ಮಾಡುತ್ತದೆ ಎಂಬುದನ್ನು ಈ ಸಂಘದ ಕಥೆಯ ಜೊತೆಗೇ ಹೇಳುತ್ತೇನೆ.

ಕಣ್ಣಿಗೆ, ಮೂಗಿಗೆ ಏಕೆ ತಿಳಿಯುವುದಿಲ್ಲ?

ಆರೋಗ್ಯವಂತ ಹಸುವಿನ ಕೆಚ್ಚಲಿನಲ್ಲಿರುವ ಹಾಲಿನಲ್ಲಿ ಸೂಕ್ಷ್ಮಾಣುಗಳು ಬಹಳ ಕಡಿಮೆ. ಮೊಲೆತೊಟ್ಟು, ಕರೆಯುವವರ ಕೈ, ಪಾತ್ರೆ, ನೀರು, ಸಗಣಿ, ದೂಳು, ಇವುಗಳಿಂದಲೇ ಹೆಚ್ಚಿನವು ಬಂದು ಸೇರುತ್ತವೆ. ಹಾಲಿನಲ್ಲಿ ನೀರು, ಸಕ್ಕರೆ, ಪ್ರೋಟೀನ್ ಎಲ್ಲವೂ ಇದೆ. ಕರುವಿಗೆ ಅದು ಎಷ್ಟು ಪುಷ್ಟಿಯೋ ಸೂಕ್ಷ್ಮಾಣುಗಳಿಗೂ ಅಷ್ಟೇ ಪುಷ್ಟಿ.

ಬೆಚ್ಚಗಿನ ಹಾಲಿನಲ್ಲಿ ಕೆಲವು ಸೂಕ್ಷ್ಮಾಣುಗಳು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಬೆರಳು ಮಡಚಿ ಲೆಕ್ಕ ಹಾಕಿ. ಒಂದು ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಒಂದು ಗಂಟೆಗೆ 8. ಎರಡು ಗಂಟೆಗೆ 64. ಮೂರು ಗಂಟೆಗೆ 512. ಕರೆದಾಗ ಒಂದು ಮಿಲಿಲೀಟರ್ ಹಾಲಿನಲ್ಲಿ 1,000 ಇದ್ದರೆ, ಇದೇ ವೇಗದಲ್ಲಿ ಬೆಳೆದರೆ ಮೂರು ಗಂಟೆಗೆ ಐದು ಲಕ್ಷ ದಾಟುತ್ತದೆ. ಈಗಷ್ಟೇ ಕರೆದ ಹಾಲಿಗೆ ತನ್ನದೇ ಆದ ರಕ್ಷಣಾ ಶಕ್ತಿ ಸ್ವಲ್ಪ ಹೊತ್ತು ಇರುತ್ತದೆ, ಆದ್ದರಿಂದ ಮೊದಮೊದಲು ಬೆಳವಣಿಗೆ ನಿಧಾನ. ಆ ಹೊತ್ತು ಕಳೆದ ಮೇಲೆ ತಡೆಯುವವರಿಲ್ಲ. ಹಾಲನ್ನು 4 ಡಿಗ್ರಿಗೆ ತಂಪು ಮಾಡಿದರೆ ಮಾತ್ರ ಬಹುತೇಕ ಸೂಕ್ಷ್ಮಾಣುಗಳ ಓಟ ನಿಧಾನವಾಗುತ್ತದೆ. ನಿಮ್ಮ ಹಾಲನ್ನು ಬೇಗ ಬೇಗ ಬಿ.ಎಂ.ಸಿ.ಗೆ ಸುರಿಯುವುದು ಇದಕ್ಕೇ.

ಐದು ಲಕ್ಷ ಸೂಕ್ಷ್ಮಾಣುಗಳಿದ್ದರೂ ಹಾಲು ಬೆಳ್ಳಗೇ ಇರುತ್ತದೆ. ಹುಳಿ ವಾಸನೆ ಬಂದು, ಕಾಯಿಸಿದಾಗ ಒಡೆಯುವುದು ಇನ್ನೂ ಎಷ್ಟೋ ಪಟ್ಟು ಬೆಳೆದ ಮೇಲೆ. ನಮ್ಮ ಮೂಗು ಸುದ್ದಿ ಹೇಳುವಷ್ಟರಲ್ಲಿ ಕಾಲ ಮೀರಿರುತ್ತದೆ. ಅದಕ್ಕಿಂತ ಮೊದಲೇ ಸುದ್ದಿ ತಿಳಿಯಲು ಲ್ಯಾಬ್ ಬೇಕು.

ನೀಲಿ ಬಣ್ಣದ ಪರೀಕ್ಷೆ

ಡೇರಿಯಲ್ಲಿ "ಎಂ.ಬಿ.ಆರ್.ಟಿ." ಎಂಬ ಮಾತು ನೀವು ಕೇಳಿರಬಹುದು. ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದಿಂದ ಮಾಡುವ ಪರೀಕ್ಷೆ ಇದು. ಶುದ್ಧವಾದ ಗಾಜಿನ ಕೊಳವೆಗೆ 10 ಮಿಲಿಲೀಟರ್ ಹಾಲು ಹಾಕಿ, ಅದಕ್ಕೆ 1 ಮಿಲಿಲೀಟರ್ ನೀಲಿ ದ್ರಾವಣ ಬೆರೆಸಿ, ಬಿರಡೆ ಹಾಕಿ, 37 ಡಿಗ್ರಿ ಬಿಸಿಯ ನೀರಿನಲ್ಲಿ ನಿಲ್ಲಿಸುತ್ತಾರೆ. ಹಾಲು ತಿಳಿ ನೀಲಿಯಾಗುತ್ತದೆ. ಆಮೇಲೆ ಗಡಿಯಾರ ನೋಡುತ್ತಾ ಕಾಯುವುದೇ ಕೆಲಸ.

ಸೂಕ್ಷ್ಮಾಣುಗಳು ಉಸಿರಾಡುತ್ತಾ ಹಾಲಿನಲ್ಲಿರುವ ಆಮ್ಲಜನಕವನ್ನು ಮುಗಿಸುತ್ತವೆ. ಆಮ್ಲಜನಕ ಮುಗಿದಂತೆ ನೀಲಿ ಬಣ್ಣ ಮಾಯವಾಗಿ ಹಾಲು ಮತ್ತೆ ಬೆಳ್ಳಗಾಗುತ್ತದೆ. ಸೂಕ್ಷ್ಮಾಣು ಹೆಚ್ಚಿದ್ದರೆ ಬಣ್ಣ ಬೇಗ ಹೋಗುತ್ತದೆ, ಕಡಿಮೆ ಇದ್ದರೆ ಬಹಳ ಹೊತ್ತು ನಿಲ್ಲುತ್ತದೆ. ನಮ್ಮ ದೇಶದ ಮಾನಕದ ಪ್ರಕಾರ ಕಚ್ಚಾ ಹಾಲಿನಲ್ಲಿ 5 ಗಂಟೆ ಅಥವಾ ಹೆಚ್ಚು ಹೊತ್ತು ನೀಲಿ ನಿಂತರೆ ಅದು ಅತ್ಯುತ್ತಮ, 3ರಿಂದ 4 ಗಂಟೆ ನಿಂತರೆ ಉತ್ತಮ, 1ರಿಂದ 2 ಗಂಟೆ ಸಾಧಾರಣ, ಅರ್ಧ ಗಂಟೆಗೇ ಹೋದರೆ ಕಳಪೆ.

ಈ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಆದರೆ ಒಂದು ಮಿತಿ ಇದೆ. ಯಾವ ಸೂಕ್ಷ್ಮಾಣು ಎಂದು ಇದು ಹೇಳುವುದಿಲ್ಲ. ಗುಂಪು ದೊಡ್ಡದೋ ಚಿಕ್ಕದೋ ಎಂದಷ್ಟೇ ಹೇಳುತ್ತದೆ. ಇನ್ನೊಂದು ವಿಷಯವೂ ಇದೆ. ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟ ಹಸುವಿನ ಹಾಲಿನಲ್ಲಿ ಔಷಧಿಯ ಅಂಶ ಸೂಕ್ಷ್ಮಾಣುಗಳನ್ನು ತಡೆಯುವುದರಿಂದ ನೀಲಿ ಹೆಚ್ಚು ಹೊತ್ತು ನಿಂತು ಹಾಲು ಒಳ್ಳೆಯದೆಂದು ಕಾಣಬಹುದು. ಅದಕ್ಕೆ ಡೇರಿಯಲ್ಲಿ ಔಷಧಿಯ ಅಂಶಕ್ಕೇ ಬೇರೆ ಪರೀಕ್ಷೆ ಇದೆ. ಇಂಜೆಕ್ಷನ್ ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನ ಹಾಲು ಹಾಕಬೇಡಿ ಎನ್ನುವುದು ಸುಮ್ಮನೆ ಅಲ್ಲ.

ಈಗ ನಮ್ಮ ಸಂಘದ ಕಥೆಗೆ ಬರೋಣ. ಆ ದಿನ ನಾವು ಪ್ರತಿಯೊಬ್ಬ ಸದಸ್ಯೆಯ ಹಾಲನ್ನೂ ಕ್ಯಾನಿಗೆ ಸುರಿಯುವ ಮೊದಲೇ ಬೇರೆ ಬೇರೆ ಬಾಟಲಿಯಲ್ಲಿ ತೆಗೆದುಕೊಂಡೆವು. ಬಾಟಲಿ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ತಂದೆವು. ತುಂಬಿದ ಕ್ಯಾನಿನ ಹಾಲನ್ನೂ ತಂದೆವು.

ತೋಟದ ಮನೆಯ ತಾಯಿಯ ಹಾಲು ನಾಲ್ಕು ಗಂಟೆಯಾದರೂ ನೀಲಿಯಾಗಿಯೇ ಇತ್ತು. ಬಹುತೇಕ ಎಲ್ಲರ ಹಾಲೂ ಚೆನ್ನಾಗಿಯೇ ಇತ್ತು. ಕ್ಯಾನಿನ ಹಾಲು ಮಾತ್ರ ಒಂದು ಗಂಟೆಯೊಳಗೆ ಬೆಳ್ಳಗಾಯಿತು. ಮನೆಗಳಿಂದ ಒಳ್ಳೆಯದಾಗಿ ಬಂದ ಹಾಲು ಕ್ಯಾನಿಗೆ ಬೀಳುವಷ್ಟರಲ್ಲಿ ಹೇಗೆ ಕೆಟ್ಟಿತು? ನಡುವೆ ಇರುವುದು ಎರಡೇ ಹೆಜ್ಜೆ: ಅಳತೆಯ ಪಾತ್ರೆ ಮತ್ತು ಸೋಸುವ ಬಟ್ಟೆ.

ಬಿತ್ತಿ ಎಣಿಸುವ ಪರೀಕ್ಷೆ

ಎರಡನೇ ಸಲ ಹೋದಾಗ ಬಟ್ಟೆಗೆ ಮೊದಲು ಒಂದು ಮಾದರಿ, ಬಟ್ಟೆಯ ನಂತರ ಒಂದು ಮಾದರಿ ತೆಗೆದೆವು. ಈ ಸಲ ನೀಲಿ ಬಣ್ಣ ಸಾಲದು, ಸೂಕ್ಷ್ಮಾಣುಗಳನ್ನು ಎಣಿಸಿಯೇ ನೋಡಬೇಕು ಎಂದುಕೊಂಡೆವು.

ಕಣ್ಣಿಗೆ ಕಾಣದ್ದನ್ನು ಎಣಿಸುವುದು ಹೇಗೆ? ಹೊಲದಲ್ಲಿ ಬೀಜ ಬಿತ್ತಿದ ಹಾಗೆ ಬಿತ್ತಿ, ಗಿಡ ಬಂದ ಮೇಲೆ ಎಣಿಸಬೇಕು. ಮೊದಲು ಹಾಲನ್ನು ತೆಳು ಮಾಡುತ್ತಾರೆ. 1 ಮಿಲಿಲೀಟರ್ ಹಾಲಿಗೆ 9 ಮಿಲಿಲೀಟರ್ ಶುದ್ಧ ದ್ರಾವಣ ಸೇರಿಸಿದರೆ ಹತ್ತರಲ್ಲಿ ಒಂದು. ಅದರಲ್ಲಿ 1 ಮಿಲಿಲೀಟರ್ ತೆಗೆದು ಮತ್ತೆ 9ಕ್ಕೆ ಸೇರಿಸಿದರೆ ನೂರರಲ್ಲಿ ಒಂದು. ಹೀಗೆ ಸಾವಿರ, ಹತ್ತು ಸಾವಿರ, ಲಕ್ಷದವರೆಗೆ ಹೋಗುತ್ತಾರೆ. ಆ ತೆಳು ಹಾಲನ್ನು ಚಪ್ಪಟೆ ಗಾಜಿನ ತಟ್ಟೆಗೆ ಹಾಕಿ, ಮೇಲೆ ಸೂಕ್ಷ್ಮಾಣುಗಳಿಗೆ ಬೇಕಾದ ಆಹಾರ ಬೆರೆಸಿದ ಅಗರ್ ಎಂಬ ಪದಾರ್ಥವನ್ನು ಸುರಿಯುತ್ತಾರೆ. ಅದು ಆರಿ ಜೆಲ್ಲಿಯ ಹಾಗೆ ಗಟ್ಟಿಯಾಗುತ್ತದೆ. ತಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಇಡುತ್ತಾರೆ. ಜೆಲ್ಲಿಯಲ್ಲಿ ಸಿಕ್ಕಿಕೊಂಡ ಒಂದೊಂದು ಸೂಕ್ಷ್ಮಾಣುವೂ ಇದ್ದಲ್ಲೇ ಬೆಳೆದು ಸಾಸಿವೆ ಕಾಳಿನಷ್ಟು ಚುಕ್ಕೆಯಾಗುತ್ತದೆ. ಚುಕ್ಕೆ ಎಣಿಸಿ, ಎಷ್ಟು ಪಟ್ಟು ತೆಳು ಮಾಡಿದ್ದೆವೋ ಅಷ್ಟರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಸಾವಿರ ಪಟ್ಟು ತೆಳು ಮಾಡಿದ ತಟ್ಟೆಯಲ್ಲಿ 150 ಚುಕ್ಕೆ ಬಂದರೆ, ಒಂದು ಮಿಲಿಲೀಟರ್ ಹಾಲಿನಲ್ಲಿ ಒಂದೂವರೆ ಲಕ್ಷ. ಕಚ್ಚಾ ಹಾಲಿನಲ್ಲಿ ಎರಡು ಲಕ್ಷದೊಳಗೆ ಇದ್ದರೆ ಅತ್ಯುತ್ತಮ, ಹತ್ತು ಲಕ್ಷದೊಳಗೆ ಉತ್ತಮ, 50 ಲಕ್ಷ ಮೀರಿದರೆ ಕಳಪೆ ಎಂಬುದು ಮಾನಕದ ಲೆಕ್ಕ.

ಈ ಅಗರ್ ಲ್ಯಾಬಿಗೆ ಬಂದದ್ದು ಒಬ್ಬ ಗೃಹಿಣಿಯ ಅಡುಗೆ ಮನೆಯಿಂದ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1881ರ ಸುಮಾರಿಗೆ ಜರ್ಮನಿಯ ವೈದ್ಯ ವಾಲ್ಟರ್ ಹೆಸ್ಸೆ ಅವರು ಪ್ರಸಿದ್ಧ ವಿಜ್ಞಾನಿ ರಾಬರ್ಟ್ ಕಾಕ್ ಅವರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಆಗ ಸೂಕ್ಷ್ಮಾಣು ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಬೇಸಿಗೆ ಬಂದರೆ ಜೆಲಟಿನ್ ಕರಗಿ ನೀರಾಗುತ್ತಿತ್ತು, ಕೆಲವು ಸೂಕ್ಷ್ಮಾಣುಗಳು ಅದನ್ನೇ ತಿಂದು ಕರಗಿಸುತ್ತಿದ್ದವು. ಬೇಸತ್ತ ಹೆಸ್ಸೆ ತಮ್ಮ ಪತ್ನಿ ಫ್ಯಾನಿಯನ್ನು, "ನೀನು ಮಾಡುವ ಜೆಲ್ಲಿ ಬೇಸಿಗೆಯಲ್ಲೂ ಕರಗುವುದಿಲ್ಲವಲ್ಲ, ಹೇಗೆ?" ಎಂಬ ಅರ್ಥದಲ್ಲಿ ಕೇಳಿದರಂತೆ. ಆಕೆ ಜೆಲ್ಲಿಗೆ ಬಳಸುತ್ತಿದ್ದುದು ಕಡಲ ಪಾಚಿಯಿಂದ ತೆಗೆದ ಅಗರ್. ಜಾವಾದಲ್ಲಿ ವಾಸವಿದ್ದು ಬಂದ ನೆರೆಯವರಿಂದ ಆಕೆ ಅದನ್ನು ಕಲಿತಿದ್ದರು. ಕುದಿಯುವ ನೀರಿನಲ್ಲಿ ಕರಗುವ, ಆರಿ ಒಮ್ಮೆ ಗಟ್ಟಿಯಾದರೆ 37 ಡಿಗ್ರಿಯಲ್ಲೂ ಕರಗದ ವಸ್ತು. ಲ್ಯಾಬಿಗೆ ಬೇಕಾಗಿದ್ದುದು ಅದೇ. 1882ರಲ್ಲಿ ಕಾಕ್ ಅವರು ಕ್ಷಯರೋಗದ ಸೂಕ್ಷ್ಮಾಣುವಿನ ಬಗ್ಗೆ ಬರೆದಾಗ ಅಗರ್ ಬಗ್ಗೆ ಹೇಳಿದರು, ಫ್ಯಾನಿ ಹೆಸ್ಸೆಯ ಹೆಸರು ಹೇಳಲಿಲ್ಲ. ಆದರೂ ಇಂದಿಗೂ ಜಗತ್ತಿನ ಎಲ್ಲ ಲ್ಯಾಬುಗಳಲ್ಲಿ ಬಳಕೆಯಲ್ಲಿರುವುದು ಆಕೆಯ ಅಡುಗೆ ಮನೆಯ ಪದಾರ್ಥವೇ. ನಮ್ಮ ಕಿರಾಣಿ ಅಂಗಡಿಗಳಲ್ಲಿ "ಚೈನಾ ಗ್ರಾಸ್" ಎಂದು ಸಿಗುತ್ತದಲ್ಲ, ಅದು ಇದೇ ಅಗರ್.

ನಮ್ಮ ಎರಡು ತಟ್ಟೆಗಳನ್ನು ಮೂರನೆಯ ದಿನ ತೆರೆದೆವು. ಬಟ್ಟೆಗೆ ಮೊದಲಿನ ಹಾಲಿನ ತಟ್ಟೆಯಲ್ಲಿ ಸಲೀಸಾಗಿ ಎಣಿಸುವಷ್ಟು ಚುಕ್ಕೆಗಳು. ಬಟ್ಟೆಯ ನಂತರದ ತಟ್ಟೆಯಲ್ಲಿ ನುಚ್ಚಕ್ಕಿ ಚೆಲ್ಲಿದಂತೆ ಎಣಿಸಲಾರದಷ್ಟು! ಅಪರಾಧಿ ಸಿಕ್ಕಿತು. ಅದು ಯಾವ ಸದಸ್ಯೆಯೂ ಅಲ್ಲ, ಎಲ್ಲರ ಹಾಲೂ ಹಾದು ಹೋಗುತ್ತಿದ್ದ ಸೋಸುವ ಬಟ್ಟೆ. ಬೆಳಿಗ್ಗೆ ತಣ್ಣೀರಿನಲ್ಲಿ ಜಾಲಿಸಿ, ಒದ್ದೆಯಾಗಿಯೇ ಮಡಚಿ, ಡಬ್ಬದಲ್ಲಿಟ್ಟು ಸಂಜೆ ಮತ್ತೆ ಅದನ್ನೇ ಬಳಸುತ್ತಿದ್ದರು. ಸೋಸುವ ಬಟ್ಟೆ ಹುಲ್ಲು, ಕೂದಲು ತಡೆಯುತ್ತದೆ, ಸೂಕ್ಷ್ಮಾಣುಗಳನ್ನು ತಡೆಯಲಾರದು. ಒದ್ದೆಯಾಗಿಟ್ಟರೆ ತಾನೇ ಅವುಗಳನ್ನು ಬೆಳೆಸಿ ಕೊಡುತ್ತದೆ.

ಸಗಣಿಯ ಗುರುತು

ಲ್ಯಾಬಿನವರು ಇನ್ನೊಂದು ತಟ್ಟೆಯಲ್ಲಿ ಕೋಲಿಫಾರ್ಮ್ ಎಂಬ ಗುಂಪನ್ನು ಹುಡುಕುತ್ತಾರೆ. ಇವುಗಳಲ್ಲಿ ಮುಖ್ಯವಾದ ಇ. ಕೋಲಿ ಮನುಷ್ಯ ಮತ್ತು ಪ್ರಾಣಿಗಳ ಕರುಳಿನಲ್ಲಿ ವಾಸಿಸುತ್ತದೆ. ಹಾಲಿನಲ್ಲಿ ಇದು ಹೆಚ್ಚಿದೆ ಎಂದರೆ ಸಗಣಿಯೋ, ಕೊಳಕು ನೀರೋ, ತೊಳೆಯದ ಕೈಯೋ ಹಾಲನ್ನು ಮುಟ್ಟಿದೆ ಎಂದೇ ಅರ್ಥ. ಈ ಪರೀಕ್ಷೆಯ ಅಗರಿನಲ್ಲಿ ಪಿತ್ತರಸದ ಲವಣ ಬೆರೆಸಿರುತ್ತಾರೆ. ಕರುಳಿನಲ್ಲಿ ಬಾಳಿ ರೂಢಿಯಾದವು ಅದನ್ನು ತಾಳಿಕೊಂಡು ಕೆಂಪು ಚುಕ್ಕೆಗಳಾಗಿ ಬೆಳೆಯುತ್ತವೆ, ಬೇರೆ ಅನೇಕವು ಬೆಳೆಯಲಾರವು. ಎಲ್ಲ ಇ. ಕೋಲಿಯೂ ರೋಗ ತರುವುದಿಲ್ಲ. ಆದರೆ ಕೊಳಕು ನೀರು, ತೊಳೆಯದ ಕೈಯ ದಾರಿಯಲ್ಲೇ ಟೈಫಾಯ್ಡ್ ಮತ್ತು ವಾಂತಿಭೇದಿಯ ಸೂಕ್ಷ್ಮಾಣುಗಳೂ ಬರಬಹುದು. ಹಾಗಾಗಿ ಇದೊಂದು ಎಚ್ಚರಿಕೆಯ ಗಂಟೆ.

ಕೆಚ್ಚಲಿನೊಳಗಿನ ಕಳ್ಳ

ಕೆಚ್ಚಲು ಬಾವಿನಲ್ಲಿ ಎರಡು ಬಗೆ. ಕೆಚ್ಚಲು ಊದಿ, ಹಾಲು ಗರಣೆಯಾಗಿ ಬಂದರೆ ಎಲ್ಲರಿಗೂ ತಿಳಿಯುತ್ತದೆ. ಗುಪ್ತ ಕೆಚ್ಚಲು ಬಾವು ಹಾಗಲ್ಲ. ಕೆಚ್ಚಲು ಮೆತ್ತಗಿರುತ್ತದೆ, ಹಾಲು ಬೆಳ್ಳಗಿರುತ್ತದೆ, ಹಾಲು ಮಾತ್ರ ದಿನದಿನಕ್ಕೆ ಇಳಿಯುತ್ತದೆ. "ಮೇವು ಸಾಲದು" ಎಂದು ಹಿಂಡಿ ಹೆಚ್ಚಿಸುತ್ತೇವೆ, ಖರ್ಚು ಹೆಚ್ಚುತ್ತದೆ, ಹಾಲು ಹೆಚ್ಚುವುದಿಲ್ಲ.

ಇದಕ್ಕೆ ಕೊಟ್ಟಿಗೆಯಲ್ಲೇ ಮಾಡಬಹುದಾದ ಪರೀಕ್ಷೆ ಕ್ಯಾಲಿಫೋರ್ನಿಯಾ ಕೆಚ್ಚಲು ಬಾವು ಪರೀಕ್ಷೆ, ಅಂದರೆ ಸಿ.ಎಂ.ಟಿ. ನಾಲ್ಕು ಬಟ್ಟಲಿರುವ ತಟ್ಟೆಗೆ ನಾಲ್ಕು ತೊಟ್ಟಿನ ಹಾಲು ಬೇರೆ ಬೇರೆಯಾಗಿ ಕರೆದು, ಅಷ್ಟೇ ಪ್ರಮಾಣದ ದ್ರಾವಣ ಹಾಕಿ ನಿಧಾನವಾಗಿ ತಿರುಗಿಸಬೇಕು. ಕೆಚ್ಚಲಿನಲ್ಲಿ ಸೋಂಕು ಇದ್ದರೆ ಅದರ ವಿರುದ್ಧ ಹೋರಾಡಲು ಬಂದ ಬಿಳಿ ರಕ್ತಕಣಗಳು ಹಾಲಿನಲ್ಲಿ ತುಂಬಿರುತ್ತವೆ. ದ್ರಾವಣ ಆ ಕಣಗಳನ್ನು ಒಡೆದಾಗ ಹಾಲು ಲೋಳೆಯಾಗುತ್ತದೆ. ಯಾವ ಬಟ್ಟಲು ಲೋಳೆಯೋ ಆ ತೊಟ್ಟಿನಲ್ಲಿ ತೊಂದರೆ. ದ್ರಾವಣ ಸಿಗದಿದ್ದರೆ 100 ಮಿಲಿಲೀಟರ್ ನೀರಿಗೆ 3 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ, ಸಮಪಾಲು ಹಾಲಿನೊಂದಿಗೆ ತಿರುಗಿಸಿಯೂ ಅಂದಾಜು ನೋಡಬಹುದು. ಪರೀಕ್ಷೆ ಮಾಡಿದ ಹಾಲನ್ನು ದೂರ ಚೆಲ್ಲಿ, ಕೈ ತೊಳೆಯಿರಿ. ಅದು ಅಪ್ಪಿತಪ್ಪಿಯೂ ಕ್ಯಾನಿಗೆ ಸೇರಬಾರದು.

ಇದು ಸೋಂಕಿನ ಸುಳಿವು ಮಾತ್ರ. ಯಾವ ಸೂಕ್ಷ್ಮಾಣು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಹಾಲು ಲ್ಯಾಬಿಗೆ ಹೋಗಬೇಕು. ಅಲ್ಲಿ ಸೂಕ್ಷ್ಮಾಣುವನ್ನು ತಟ್ಟೆಯ ತುಂಬ ಬೆಳೆಸಿ, ಅದರ ಮೇಲೆ ಬೇರೆ ಬೇರೆ ಔಷಧಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಡುತ್ತಾರೆ. ಕೆಲಸ ಮಾಡುವ ಔಷಧಿಯ ಸುತ್ತ ಏನೂ ಬೆಳೆಯದೆ ಖಾಲಿ ವೃತ್ತ ಕಾಣುತ್ತದೆ. ಕೆಲಸ ಮಾಡದ ಔಷಧಿಯ ಅಂಚಿನವರೆಗೂ ಸೂಕ್ಷ್ಮಾಣು ಬೆಳೆದಿರುತ್ತದೆ. ಎರಡು ಮೂರು ದಿನ ಕಾದರೆ, ನಾಟದ ಇಂಜೆಕ್ಷನ್‌ಗೆ ಸುರಿಯುವ ಹಣ ಉಳಿಯುತ್ತದೆ.

ಇಲ್ಲಿ ಒಂದು ಮುಖ್ಯ ವಿಷಯ. ಕೆಚ್ಚಲು ಬಾವು ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಸೂಕ್ಷ್ಮಾಣುವಿನ ಕೆಲವು ತಳಿಗಳು ಬೆಚ್ಚಗಿನ ಹಾಲಿನಲ್ಲಿ ಬೆಳೆಯುತ್ತಾ ವಿಷವನ್ನು ಬಿಡುತ್ತವೆ. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತದೆ, ಆ ವಿಷ ಉಳಿಯುತ್ತದೆ. ಕುಡಿದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗಬಹುದು. "ಹೇಗಿದ್ದರೂ ಕಾಯಿಸ್ತೀವಲ್ಲ" ಎಂಬ ಧೈರ್ಯ ಪೂರ್ತಿ ಸರಿಯಲ್ಲ ಎನ್ನುವುದು ಇದಕ್ಕೇ. ಬಾವಿರುವ ತೊಟ್ಟಿನ ಹಾಲನ್ನು ಮನೆಗೂ ಇಟ್ಟುಕೊಳ್ಳಬೇಡಿ, ಸಂಘಕ್ಕೂ ತರಬೇಡಿ.

ಕಂದು ರೋಗ: ನನ್ನ ಮೈಗೇ ಬಂದ ಪಾಠ

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಏಳು ತಿಂಗಳ ಗಬ್ಬದ ಹಸು ಕಂದು ಹಾಕಿ, ಸತ್ತೆ ಬಿದ್ದಿಲ್ಲ ಎಂದು ಒಂದು ಮನೆಯಿಂದ ಕರೆ ಬಂತು. ಕೆಲಸದ ನಡುವೆ ಕೈಗವಸು ಹರಿಯಿತು. ಇನ್ನೊಂದು ಜೊತೆ ಇರಲಿಲ್ಲ. "ಐದು ನಿಮಿಷದ ಕೆಲಸ" ಎಂದು ಹಾಗೆಯೇ ಮುಗಿಸಿದೆ. ಮೂರು ನಾಲ್ಕು ವಾರದ ಮೇಲೆ ನನಗೆ ಜ್ವರ ಶುರುವಾಯಿತು. ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸೊಂಟ ಮತ್ತು ಕೀಲುಗಳಲ್ಲಿ ನೋವು. ಟೈಫಾಯ್ಡ್ ಎಂದು ಮಾತ್ರೆ ತಿಂದೆ. ಒಂದು ತಿಂಗಳಾದರೂ ಬಿಡಲಿಲ್ಲ. ಕೊನೆಗೆ ಒಬ್ಬ ವೈದ್ಯರು "ನೀವು ಏನು ಕೆಲಸ ಮಾಡೋದು?" ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ರಕ್ತ ಪರೀಕ್ಷೆ ಆಯಿತು. ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ. ಆರು ವಾರ ಎರಡು ಬಗೆಯ ಮಾತ್ರೆ ತಪ್ಪದೆ ತಿಂದು ಗುಣವಾದೆ.

ಗುಣವಾದ ಮೇಲೆ ನನ್ನ ಮನಸ್ಸು ಆ ಮನೆಯ ಕಡೆಗೇ ಓಡಿತು. ಅಲ್ಲಿ ಇನ್ನೂ ಎರಡು ಹಸುಗಳಿದ್ದವು. ಹೋಗಿ ಹಾಲು ತಂದು ಹಾಲಿನ ಉಂಗುರ ಪರೀಕ್ಷೆ ಮಾಡಿಸಿದೆ. ಸಣ್ಣ ಕೊಳವೆಯಲ್ಲಿ 1 ಮಿಲಿಲೀಟರ್ ಹಾಲಿಗೆ, ಬಣ್ಣ ಹಾಕಿದ ಸತ್ತ ಬ್ರುಸೆಲ್ಲಾ ಸೂಕ್ಷ್ಮಾಣುಗಳ ಒಂದು ಹನಿ ಬೆರೆಸಿ ಒಂದು ಗಂಟೆ ಬೆಚ್ಚಗೆ ಇಡುತ್ತಾರೆ. ರೋಗ ತಗುಲಿದ ಹಸುವಿನ ಹಾಲಿನಲ್ಲಿ ಆ ಸೂಕ್ಷ್ಮಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳಿರುತ್ತವೆ. ಅವು ಬಣ್ಣದ ಸೂಕ್ಷ್ಮಾಣುಗಳನ್ನು ಹಿಡಿದು ಕೆನೆಯ ಜೊತೆ ಮೇಲಕ್ಕೆ ತರುತ್ತವೆ. ಕೆನೆಯಲ್ಲಿ ನೀಲಿ ಉಂಗುರ ಕಾಣುತ್ತದೆ. ಆ ಮನೆಯ ಇನ್ನೊಂದು ಹಸುವಿನ ಹಾಲಿನಲ್ಲೂ ಉಂಗುರ ಬಂತು. ಕೆಚ್ಚಲು ಬಾವಿನ ಹಾಲು ಮತ್ತು ಗಿಣ್ಣದ ಹಾಲು ಈ ಪರೀಕ್ಷೆಯಲ್ಲಿ ದಾರಿ ತಪ್ಪಿಸುವುದುಂಟು. ಅದಕ್ಕೆ ರಕ್ತ ಪರೀಕ್ಷೆಯಿಂದ ಖಚಿತ ಮಾಡಿಕೊಂಡೆವು. ಆ ಹಸು ಕಂದು ಹಾಕಿರಲಿಲ್ಲ, ಮೇವು ಬಿಟ್ಟಿರಲಿಲ್ಲ, ನೋಡಲು ಗುಂಡಗಿತ್ತು.

ಅದರ ನೊರೆಹಾಲನ್ನು ಮನೆಯ ಐದು ವರ್ಷದ ಮಗುವಿಗೆ ದಿನವೂ ಕುಡಿಸುತ್ತಿದ್ದರು, ಪುಷ್ಟಿಗೆಂದು. ಮನೆಯೊಡತಿ ಎಷ್ಟೋ ತಿಂಗಳಿಂದ ಕೀಲುನೋವು, ಬಿಟ್ಟು ಬಿಟ್ಟು ಬರುವ ಜ್ವರ ಅನುಭವಿಸುತ್ತಾ "ವಯಸ್ಸಾಯ್ತು" ಎಂದುಕೊಂಡಿದ್ದರು. ಕಂದು ಬಿದ್ದ ದಿನ ಬರಿಗೈಲಿ ಎಲ್ಲ ಎತ್ತಿ ಹಾಕಿದ್ದವರು ಅವರೇ. ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆ. ಮಗುವಿಗೆ ಏನೂ ಇರಲಿಲ್ಲ. ತಾಯಿಗೆ ನನಗೆ ಬಂದ ರೋಗವೇ ಇತ್ತು. ಚಿಕಿತ್ಸೆಯ ನಂತರ ಸಿಕ್ಕಾಗ, "ಇಷ್ಟು ದಿನ ಸೋಮಾರಿ ಅನ್ನಿಸ್ಕೊಂಡಿದ್ದೆ ಡಾಕ್ಟ್ರೇ" ಎಂದರು. ಆ ಮಾತು ನನಗೆ ಇನ್ನೂ ಮರೆತಿಲ್ಲ.

ಈ ಪಾಠ ಹೊಸದೇನಲ್ಲ. ಮಾಲ್ಟಾ ದ್ವೀಪದಲ್ಲಿ ಈ ಜ್ವರದಿಂದ ಬ್ರಿಟಿಷ್ ಸೈನಿಕರು ನರಳುತ್ತಿದ್ದಾಗ 1887ರಲ್ಲಿ ಡೇವಿಡ್ ಬ್ರೂಸ್ ಅದರ ಸೂಕ್ಷ್ಮಾಣುವನ್ನು ಕಂಡುಹಿಡಿದರು. ಅದು ಬರುವುದು ಎಲ್ಲಿಂದ ಎಂದು ಮಾತ್ರ ತಿಳಿಯಲಿಲ್ಲ. 1905ರಲ್ಲಿ ತೆಮಿಸ್ಟೋಕ್ಲಿಸ್ ಝಮ್ಮಿತ್ ಎಂಬ ಅಲ್ಲಿನ ವೈದ್ಯರು ಆರೋಗ್ಯವಾಗಿ ಕಾಣುತ್ತಿದ್ದ ಮೇಕೆಗಳ ರಕ್ತ ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು. ಸೈನಿಕರು ಮೇಕೆಯ ಹಸಿ ಹಾಲು ಕುಡಿಯುವುದನ್ನು ನಿಲ್ಲಿಸಿದ ಮೇಲೆ ರೋಗ ಇಳಿಯಿತು.

ಕಂದು ರೋಗ ತಗುಲಿದ ಹಸುವನ್ನು ಔಷಧಿಯಿಂದ ಪೂರ್ತಿ ಗುಣಪಡಿಸುತ್ತೇವೆಂಬ ಭರವಸೆ ಇಲ್ಲ. ತಡೆಯುವುದೇ ದಾರಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಹಾಕಲಾಗುತ್ತದೆ. ಜೀವನದಲ್ಲಿ ಒಂದೇ ಸಲ. ಆ ವಯಸ್ಸು ದಾಟಿಸಬೇಡಿ. ಗಬ್ಬದ ರಾಸಿಗೆ ಈ ಲಸಿಕೆ ಸಲ್ಲದು.

ಡೇರಿಯಲ್ಲಿ ನಡೆಯುವ ಪರೀಕ್ಷೆಗಳು

ಡೇರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಬಿಸಿ ಮಾಡಿ ತಕ್ಷಣ ತಂಪು ಮಾಡುತ್ತಾರೆ. ಕ್ಷಯ, ಕಂದು ರೋಗದ ಸೂಕ್ಷ್ಮಾಣುಗಳು ಇದರಲ್ಲಿ ಸಾಯುತ್ತವೆ. ಬಿಸಿ ಸರಿಯಾಗಿ ತಾಗಿದೆಯೇ ಎಂದು ನೋಡಲು ಫಾಸ್ಫಟೇಸ್ ಪರೀಕ್ಷೆ ಇದೆ. ಹಸಿ ಹಾಲಿನಲ್ಲಿ ಸಹಜವಾಗಿರುವ ಈ ಕಿಣ್ವ ಆ ಬಿಸಿಗೆ ನಾಶವಾಗುತ್ತದೆ. ಪ್ಯಾಕೆಟ್ ಹಾಲಿನಲ್ಲಿ ಅದು ಉಳಿದಿದ್ದರೆ ಬಿಸಿ ಸಾಲದಾಗಿದೆ, ಇಲ್ಲವೇ ಹಸಿ ಹಾಲು ಬೆರೆತಿದೆ ಎಂದರ್ಥ.

ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂತಹ ಸೂಕ್ಷ್ಮಾಣುಗಳು ಪನೀರ್, ಹಾಲಿನ ಪುಡಿ ಮೊದಲಾದವುಗಳ ಮಾದರಿಯಲ್ಲಿ ಒಂದೂ ಇರಬಾರದು ಎಂಬುದು ನಿಯಮ. ಬಣವೆಯಲ್ಲಿ ಸೂಜಿ ಹುಡುಕಿದಂತೆ. ಹಾಗಾಗಿ ಮೊದಲು ಪುಷ್ಟಿಕರ ದ್ರಾವಣದಲ್ಲಿ ಒಂದು ದಿನ ಬೆಳೆಯಲು ಬಿಟ್ಟು, ಆಮೇಲೆ ಬೇರೆಯವನ್ನು ತಡೆದು ಇವುಗಳನ್ನು ಮಾತ್ರ ಬೆಳೆಸುತ್ತಾರೆ. ಪೂರ್ತಿ ಫಲಿತಾಂಶಕ್ಕೆ ನಾಲ್ಕೈದು ದಿನ ಬೇಕಾಗುತ್ತದೆ. ಕೊರೊನಾ ಕಾಲದಲ್ಲಿ ನೀವು ಕೇಳಿದ ಪಿ.ಸಿ.ಆರ್. ಪರೀಕ್ಷೆ ಇಲ್ಲೂ ಬಂದಿದೆ. ಅದು ಸೂಕ್ಷ್ಮಾಣುವಿನ ಡಿ.ಎನ್.ಎ.ಯ ಒಂದು ತುಣುಕನ್ನು ಸುತ್ತು ಸುತ್ತಿಗೆ ಎರಡು ಪಟ್ಟು ಮಾಡುತ್ತದೆ. 30 ಸುತ್ತಿಗೆ ಒಂದು 100 ಕೋಟಿ ದಾಟುತ್ತದೆ. ಹಾಲು ಕೆಡಿಸುವ ಲೆಕ್ಕವನ್ನೇ ಕಳ್ಳನನ್ನು ಹಿಡಿಯಲು ಬಳಸಿದಂತೆ.

ಮಾದರಿ ಕೊಡುವಾಗ

ಲ್ಯಾಬ್ ಎಷ್ಟೇ ಚೆನ್ನಾಗಿದ್ದರೂ ಮಾದರಿ ಸರಿಯಿಲ್ಲದಿದ್ದರೆ ಉತ್ತರ ತಪ್ಪಾಗುತ್ತದೆ. ಕೆಚ್ಚಲು ಬಾವಿಗೆ ಹಾಲು ಕಳಿಸುವಾಗ ಹೀಗೆ ಮಾಡಿ:

● ಇಂಜೆಕ್ಷನ್ ಕೊಡಿಸುವ ಮೊದಲೇ ಹಾಲು ತೆಗೆಯಿರಿ.
● ಕೈ ಸೋಪಿನಿಂದ ತೊಳೆಯಿರಿ. ತೊಟ್ಟು ತೊಳೆದು, ಒರೆಸಿ ಒಣಗಿಸಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ.
● ಮೊದಲ ಮೂರು ನಾಲ್ಕು ಧಾರೆಯನ್ನು ಬೇರೆ ಪಾತ್ರೆಗೆ ಕರೆದು ಚೆಲ್ಲಿ.
● ನಾವು ಕೊಡುವ ಶುದ್ಧ ಬಾಟಲಿಯನ್ನು ಓರೆಯಾಗಿ ಹಿಡಿದು, ತೊಟ್ಟಿಗೆ ತಾಗದಂತೆ ಕರೆಯಿರಿ. ಬಿರಡೆಯ ಒಳಭಾಗ ಮುಟ್ಟಬೇಡಿ.
● ಯಾವ ಹಸು, ಯಾವ ತೊಟ್ಟು ಎಂದು ಬರೆದು, ಮಂಜುಗಡ್ಡೆಯ ಜೊತೆ ಅದೇ ದಿನ ತಲುಪಿಸಿ.

ದಿನನಿತ್ಯಕ್ಕೆ ಇಷ್ಟು ನೆನಪಿರಲಿ:

● ಕರೆಯುವ ಮೊದಲು ಮೊದಲ ಧಾರೆಯನ್ನು ಕಪ್ಪು ಬಟ್ಟೆ ಅಥವಾ ಕಪ್ಪು ತಟ್ಟೆಯ ಮೇಲೆ ಕರೆದು ನೋಡಿ. ಗರಣೆ ಇದ್ದರೆ ತಿಳಿಯುತ್ತದೆ.
● ಸ್ಟೀಲ್ ಪಾತ್ರೆ ಬಳಸಿ. ತೊಳೆದು ಬಿಸಿಲಿನಲ್ಲಿ ಬೋರಲಾಗಿ ಒಣಗಿಸಿ.
● ಸೋಸುವ ಬಟ್ಟೆಯನ್ನು ಪ್ರತಿ ಹೊತ್ತೂ ತೊಳೆದು, ಕುದಿಸಿ, ಪೂರ್ತಿ ಒಣಗಿಸಿ. ಸ್ಟೀಲ್ ಜಾಲರಿ ಇದ್ದರೆ ಇನ್ನೂ ಒಳ್ಳೆಯದು.
● ಕರೆದ ಹಾಲನ್ನು ಆದಷ್ಟು ಬೇಗ ಸಂಘಕ್ಕೆ ತನ್ನಿ. ಬೆಳಿಗ್ಗೆಯ ಹಾಲಿಗೆ ರಾತ್ರಿಯ ಹಾಲು ಬೆರೆಸಬೇಡಿ.
● ನೊರೆಹಾಲು, ಹಸಿ ಹಾಲು ಯಾರಿಗೂ ಬೇಡ. ಮಕ್ಕಳಿಗೆ, ಬಸುರಿಯರಿಗೆ ಖಂಡಿತ ಬೇಡ. ಉಕ್ಕಿ ಬರುವಂತೆ ಕಾಯಿಸಿಯೇ ಕುಡಿಯಿರಿ.
● ಕಂದು, ಸತ್ತೆ ಬರಿಗೈಲಿ ಮುಟ್ಟಬೇಡಿ. ನಾಯಿಗಳಿಗೆ ಸಿಗದಂತೆ ಆಳವಾಗಿ ಹೂಳಿ, ಸುಣ್ಣ ಹಾಕಿ. ವೈದ್ಯರಿಗೆ ತಿಳಿಸಿ.
● ಬಿಟ್ಟು ಬಿಟ್ಟು ಜ್ವರ ಬಂದರೆ "ನಾನು ಹಸು ಸಾಕ್ತೀನಿ" ಎಂದು ಡಾಕ್ಟರ್‌ಗೆ ನೀವಾಗಿಯೇ ಹೇಳಿ.

ಸೋಸುವ ಬಟ್ಟೆಯ ಸಂಘದಲ್ಲಿ ಫಲಿತಾಂಶ ಹೇಳಿದ ದಿನ ಎರಡು ತಟ್ಟೆಗಳ ಫೋಟೋವನ್ನು ಎಲ್ಲರಿಗೂ ತೋರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಜೋರಾಗಿ ಮಾತಾಡಿದ್ದ ಸದಸ್ಯೆಯೊಬ್ಬರು ತೋಟದ ಮನೆಯ ತಾಯಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಬಟ್ಟೆ ಹೋಗಿ ಸ್ಟೀಲ್ ಜಾಲರಿ ಬಂತು. ಒಂದು ವಾರದಲ್ಲಿ ಕ್ಯಾನಿನ ಹಾಲಿನ ನೀಲಿಯೂ ಮೂರು ಗಂಟೆಗೂ ಮೀರಿ ನಿಂತಿತು. ಈಗ ಅಲ್ಲಿ ಗುಣಮಟ್ಟ ಇಳಿದರೆ "ಯಾರದ್ದು?" ಎಂದು ಕೇಳುವ ಬದಲು "ಎಲ್ಲಿಂದ?" ಎಂದು ಕೇಳುತ್ತಾರೆ.

ಲ್ಯಾಬಿರುವುದು ಅದಕ್ಕೇ, ಯಾರನ್ನೂ ಬೈಯಲು ಅಲ್ಲ. ನಿಮ್ಮ ಹಾಲಿನ ಬಗ್ಗೆ, ನಿಮ್ಮ ಹಸುವಿನ ಬಗ್ಗೆ ಅನುಮಾನ ಬಂದರೆ ಮುಚ್ಚಿಡಬೇಡಿ. ಸಂಘದ ಕಾರ್ಯದರ್ಶಿಯ ಮೂಲಕ ನಮಗೆ ತಿಳಿಸಿ, ಮಾದರಿ ಕೊಡಿ. ಉತ್ತರ ಏನೇ ಬರಲಿ, ಮುಂದಿನ ದಾರಿ ಒಟ್ಟಿಗೆ ನೋಡೋಣ.